ಇರುವ ಪುಸ್ತಕ, ಸಿಗದ ಪುಸ್ತಕ

ಕಳೆದ ಮಳೆಗಾಲದಲ್ಲಿ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ನಮ್ಮ ಕಾಲೇಜು ಗ್ರಂಥಾಲಯಕ್ಕೆ ಬಂದಿದ್ದಳು. ಹಳ್ಳಿಯ ಕಸುಬುಗಳನ್ನು ಕುರಿತ ಹಳೆಯ ಪುಸ್ತಕವೊಂದು ಅವಳಿಗೆ ಬೇಕಿತ್ತು. "ಎರಡು ವಾರದಿಂದ ಹುಡುಕುತ್ತಿದ್ದೇನೆ ಮೇಡಂ, ಇಂಟರ್‌ನೆಟ್‌ನಲ್ಲಿ ಎಲ್ಲೂ ಇಲ್ಲ" ಎಂದಳು.

ಪುಸ್ತಕ ಅಲ್ಲಿಯೇ ಇತ್ತು. ಒಂದು ಡಿಜಿಟಲ್ ಸಂಗ್ರಹದಲ್ಲಿ ಅದರ ಎಲ್ಲ ಪುಟಗಳೂ ಸ್ಕ್ಯಾನ್ ಆಗಿ ಕುಳಿತಿದ್ದವು. ಆದರೆ ಶೀರ್ಷಿಕೆಯನ್ನು ಯಾರೋ ರೋಮನ್ ಲಿಪಿಯಲ್ಲಿ, ಯಾವ ಚಿಹ್ನೆಯೂ ಇಲ್ಲದೆ ದಾಖಲಿಸಿದ್ದರು. ಹಾಗೆ ಬರೆದಾಗ ಹಳ್ಳಿಗೂ ಹಲ್ಲಿಗೂ ವ್ಯತ್ಯಾಸವಿಲ್ಲ. ಕಲೆ ಮತ್ತು ಕಳೆ ಒಂದೇ ಆಗುತ್ತವೆ. ಮುಂದೆ ಯಾವುದೋ ಯಂತ್ರ ಅದನ್ನು ಮತ್ತೆ ಕನ್ನಡಕ್ಕೆ ತಂದಾಗ ಹಳ್ಳಿ ಹಲ್ಲಿಯಾಗಿತ್ತು. ಲೇಖಕರ ಹೆಸರಿನ ಜಾಗ ಖಾಲಿ. ಪ್ರಕಾಶಕರ ಹೆಸರನ್ನೂ ಅದರ ಜಾಗದಲ್ಲಿ ಹಾಕದೆ ಬೇರೆ ಕಡೆ ತುಂಬಿದ್ದರು. ಮುದ್ರಣಾಲಯದ ಊರನ್ನು ಹಿಡಿದು, ಕಾಗುಣಿತವನ್ನು ಐದಾರು ಬಗೆಯಲ್ಲಿ ಬದಲಿಸುತ್ತಾ ಹೋದಾಗ ಒಂದೂವರೆ ಗಂಟೆಯಲ್ಲಿ ಅದು ಸಿಕ್ಕಿತು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಸಿಗದೆ ಹೋದ ಪುಸ್ತಕ ಓದುಗರ ಪಾಲಿಗೆ ಸುಟ್ಟುಹೋದ ಪುಸ್ತಕವೇ ಸರಿ.

"ಎಲ್ಲವೂ ಮೊಬೈಲಿನಲ್ಲಿ ಸಿಗುವಾಗ ಗ್ರಂಥಪಾಲಕರು ಏಕೆ ಬೇಕು?" ಎಂದು ಮದುವೆ ಮನೆಗಳಲ್ಲಿಯೂ ಸಿಬ್ಬಂದಿ ಸಭೆಗಳಲ್ಲಿಯೂ ನನ್ನನ್ನು ಕೇಳುತ್ತಾರೆ. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದ ಮೇಲೆ ನನ್ನ ಉತ್ತರ ಇಷ್ಟು: ಸ್ಕ್ಯಾನರ್ ಪ್ರತಿ ತೆಗೆಯುತ್ತದೆ, ಆ ಪ್ರತಿ ಯಾವ ಪುಸ್ತಕದ್ದು ಎಂದು ಅದಕ್ಕೆ ತಿಳಿಯುವುದಿಲ್ಲ. ಓದಿ, ಗುರುತಿಸಿ, ಹೆಸರು ಕೊಟ್ಟು, ಸರಿಯಾದ ಜಾಗದಲ್ಲಿ ಇಡುವವರು ಇಲ್ಲದಿದ್ದರೆ ಲಕ್ಷ ಪುಟಗಳ ಸಂಗ್ರಹವೂ ಬೀಗ ಹಾಕಿದ ಉಗ್ರಾಣವೇ.

ಮೈಸೂರಿನಲ್ಲಿ 1891ರಲ್ಲಿ ಆರಂಭವಾದ ಓರಿಯಂಟಲ್ ಲೈಬ್ರರಿಯನ್ನು ನೆನೆಯಿರಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ಅಲ್ಲಿಗೆ ಓಲೆಗರಿಯ ಕಟ್ಟೊಂದನ್ನು ಕೊಟ್ಟಿದ್ದರು. ಲಿಪಿ, ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ 'ಗ್ರಂಥ' ಎಂಬ ಲಿಪಿ; ಭಾಷೆ ಸಂಸ್ಕೃತ. ಅಲ್ಲಿನ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. 1909ರಲ್ಲಿ ಅಚ್ಚು ಹಾಕಿಸಿದರು. ಕಳೆದುಹೋಯಿತೆಂದು ವಿದ್ವಾಂಸರು ತಿಳಿದಿದ್ದ ಗ್ರಂಥ ಅದು. ಶಾಸ್ತ್ರಿಗಳನ್ನು ನಾವು ಮಹಾವಿದ್ವಾಂಸರೆಂದು ಗೌರವಿಸುತ್ತೇವೆ, ಸರಿಯೇ. ಆದರೆ ಆ ಹೊತ್ತಿನಲ್ಲಿ ಅವರು ಮಾಡಿದ್ದು ಗ್ರಂಥಪಾಲಕರ ನಿತ್ಯದ ಕೆಲಸವನ್ನೇ: ಕೈಗೆ ಬಂದ ಕಟ್ಟನ್ನು ಬಿಚ್ಚಿ, ಇದೇನು ಎಂದು ಓದಿ ತಿಳಿದರು. ಅದೇ ಗರಿಗಳನ್ನು ಓದದೆ ಫೋಟೊ ತೆಗೆದು 'ಸಂಸ್ಕೃತ ಹಸ್ತಪ್ರತಿ' ಎಂದಷ್ಟೇ ಬರೆದಿಟ್ಟಿದ್ದರೆ ಏನಾಗುತ್ತಿತ್ತು?

ಕನ್ನಡದ ಮಟ್ಟಿಗೆ ಈ ಗುರುತಿಸುವ ಕೆಲಸದ ತೊಡಕುಗಳು ಹೊರಗಿನವರಿಗೆ ಕಾಣುವುದಿಲ್ಲ. ಮೊದಲನೆಯದು ಹೆಸರು. 'ಶ್ರೀನಿವಾಸ' ಎಂದು ಹುಡುಕಿದರೆ ನೂರು ಶ್ರೀನಿವಾಸರು ಬರುತ್ತಾರೆ. ಅವರಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಯಾರು ಎಂದು ಯಂತ್ರಕ್ಕೆ ಯಾರಾದರೂ ಹೇಳಿಕೊಟ್ಟಿರಬೇಕು. ಅಂಬಿಕಾತನಯದತ್ತ, ದ.ರಾ. ಬೇಂದ್ರೆ, ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ಮೂವರೂ ಒಬ್ಬರೇ. ಕುವೆಂಪು, ಕೆ.ವಿ. ಪುಟ್ಟಪ್ಪ, ಆರಂಭದ ದಿನಗಳ ಕಿಶೋರ ಚಂದ್ರವಾಣಿ, ಅವರೂ ಒಬ್ಬರೇ. ದೊಡ್ಡವರ ವಿಷಯ ಹೇಗೋ ಗೊತ್ತಿರುತ್ತದೆ. ಒಂದೇ ನಾಟಕ ಬರೆದು ತೀರಿಕೊಂಡ ತಾಲ್ಲೂಕಿನ ಮೇಷ್ಟರ ಹೆಸರು, ಊರು, ಕಾವ್ಯನಾಮಗಳನ್ನು ಒಂದೆಡೆ ಜೋಡಿಸುವವರು ಯಾರು? ಗ್ರಂಥಾಲಯಗಳೆಲ್ಲ ಹಂಚಿಕೊಳ್ಳಬಹುದಾದ ಕನ್ನಡ ಲೇಖಕರ ಹೆಸರಿನ ಕಡತವೊಂದು, ಕನ್ನಡ ಲಿಪಿಯಲ್ಲಿಯೇ, ಆಗಲೇಬೇಕು. ಇನ್ನೊಂದು ಆ್ಯಪ್ ಬಿಡುಗಡೆ ಮಾಡುವುದಕ್ಕಿಂತ ಇದು ಮುಖ್ಯವೆಂದು ನಾನು ದೃಢವಾಗಿ ನಂಬುತ್ತೇನೆ.

ಇನ್ನು ಕಾಲ. ಹಳೆಯ ಮುಖಪುಟಗಳಲ್ಲಿ ಇಸವಿಯ ಬದಲು ಸಂವತ್ಸರ ಇರುತ್ತದೆ. ನಿವೃತ್ತ ಶಿಕ್ಷಕರೊಬ್ಬರ ಮನೆಯಿಂದ ಬಂದ ಟ್ರಂಕಿನಲ್ಲಿ ನನಗೆ ಸಿಕ್ಕ ಒಂದು ಪುಸ್ತಕದ ಮೇಲೆ 'ಪ್ಲವ ಸಂವತ್ಸರ' ಎಂದಷ್ಟೇ ಇತ್ತು. ಅರವತ್ತು ವರ್ಷಕ್ಕೊಮ್ಮೆ ಸುತ್ತು ಬರುವುದರಿಂದ ಅದು 1901 ಆಗಬಹುದು, 1961 ಆಗಬಹುದು. ಹಿಂಬದಿಯ ರಟ್ಟಿನಲ್ಲಿ ಬೆಲೆ ಆರು ಆಣೆ ಎಂದಿತ್ತು. 1957ರಲ್ಲಿ ನಯಾ ಪೈಸೆ ಬಂದಿತ್ತು. ಆದ್ದರಿಂದ 1961ರ ಪುಸ್ತಕ ಆಣೆಯಲ್ಲಿ ಬೆಲೆ ಹಾಕುವುದು ಕಷ್ಟ. ಕಾಗದ, ಅಕ್ಷರದ ಮೊಳೆ, ಮುನ್ನುಡಿಯ ಭಾಷೆ ಎಲ್ಲವೂ 1901ರ ಕಡೆಗೇ ಬೆರಳು ತೋರಿಸಿದವು.

ಇದು ಬರೀ ಪಾಂಡಿತ್ಯದ ಚಪಲವಲ್ಲ. ಲೇಖಕರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗೆ ಅವರು ತೀರಿಕೊಂಡ ನಂತರವೂ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ ಎನ್ನುತ್ತದೆ ನಮ್ಮ ಕಾಯ್ದೆ. ಬಿ.ಎಂ. ಶ್ರೀಕಂಠಯ್ಯನವರು ತೀರಿಕೊಂಡದ್ದು 1946ರಲ್ಲಿ. ಅವರು ಬದುಕಿದ್ದಾಗ ಪ್ರಕಟಿಸಿದ ಕೃತಿಗಳನ್ನು 2007ರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು, ಅಂತರ್ಜಾಲಕ್ಕೆ ಏರಿಸಬಹುದು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕೃತಿಗಳಿಗೆ 2042ರ ಜನವರಿಯವರೆಗೆ ಕಾಯಬೇಕು. ಲೇಖಕರು ಯಾರು, ಯಾವಾಗ ತೀರಿಕೊಂಡರು ಎಂದು ಗೊತ್ತಿಲ್ಲದಿದ್ದರೆ ಜವಾಬ್ದಾರಿಯುಳ್ಳ ಯಾವ ಗ್ರಂಥಾಲಯವೂ ಆ ಪುಸ್ತಕವನ್ನು ಎಲ್ಲರಿಗೂ ತೆರೆದಿಡಲಾರದು. ಖಾಲಿ ಬಿಟ್ಟ ಒಂದು ಅಂಕಣ ಹೀಗೆ ಪುಸ್ತಕಕ್ಕೇ ಅಗುಳಿ ಹಾಕುತ್ತದೆ.

ಹೊಸ ಕಡತಗಳಾದರೂ ಸುಲಭವೇ ಎಂದರೆ, ಅಲ್ಲ. ಎಲ್ಲ ಕಂಪ್ಯೂಟರುಗಳೂ ಒಂದೇ ಬಗೆಯಲ್ಲಿ ಓದುವ ಅಕ್ಷರ ಸಂಕೇತವಾದ ಯೂನಿಕೋಡ್ ಬಳಕೆಗೆ ಬರುವ ಮೊದಲು ಬೆರಳಚ್ಚಾದ ಎಷ್ಟೋ ಪ್ರಬಂಧಗಳು, ಸ್ಮರಣ ಸಂಚಿಕೆಗಳು, ಕಚೇರಿ ವರದಿಗಳು ಹಳೆಯ ಫಾಂಟ್‌ಗಳಲ್ಲಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ಸಾಲು ಕಾಣುತ್ತದೆ. ಕನ್ನಡ ಪದ ಹಾಕಿ ಹುಡುಕಿದರೆ ಅವು ಎಂದಿಗೂ ಬರುವುದಿಲ್ಲ. ಪರಿವರ್ತಕಗಳಿವೆ, ಆದರೆ ಒತ್ತಕ್ಷರ ಮತ್ತು ಅರ್ಕಾವತ್ತಿನ ಬಳಿ ಎಡವುತ್ತವೆ, ಕೂತು ತಿದ್ದಬೇಕು. ಯೂನಿಕೋಡ್‌ನಲ್ಲಿಯೂ ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತಿದವರಿದ್ದಾರೆ. ಕಣ್ಣಿಗೆ ಎರಡೂ ಒಂದೇ ಉಂಡೆ, ಯಂತ್ರಕ್ಕೆ ಎರಡು ಬೇರೆ ಗುರುತು. ನಮ್ಮ ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಸೊನ್ನೆಗಳನ್ನು ಹೆಕ್ಕಿ ತೆಗೆಯುವುದಕ್ಕೇ ಒಂದು ಇಡೀ ಬೇಸಿಗೆ ರಜೆ ಹಿಡಿಯಿತು.

ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಮುದ್ರಿತ ಕನ್ನಡವನ್ನು ಓದುವುದರಲ್ಲಿ ಅದು ಮೊದಲಿನ ತಂತ್ರಾಂಶಗಳಿಗಿಂತ ಎಷ್ಟೋ ಮುಂದಿದೆ. ನಾನು ಬಳಸುತ್ತೇನೆ, ಅದರಿಂದ ನನ್ನ ದಿನಗಳು ಉಳಿದಿವೆ. ಆದರೆ ವಿದ್ಯಾರ್ಥಿಗಳು ಅದು ಕೊಟ್ಟ ಪುಸ್ತಕಪಟ್ಟಿ ಹಿಡಿದು ಬರುತ್ತಾರೆ. ಲೇಖಕರು ನಿಜ, ಪ್ರಕಾಶಕರು ನಿಜ, ಪುಸ್ತಕ ಮಾತ್ರ ಎಂದೂ ಬರೆಯಲ್ಪಟ್ಟಿಲ್ಲ. ಹಿಂದೆ ನಾನು ಪುಸ್ತಕ ಇದೆ ಎಂದು ತೋರಿಸಿದರೆ ಸಾಕಾಗಿತ್ತು. ಈಗ ಇಲ್ಲವೆಂದು ಸಾಬೀತು ಮಾಡಬೇಕು, ಇದು ಹೆಚ್ಚು ಹೊತ್ತು ಬೇಡುವ ಕೆಲಸ. ಒಂದು ಪಟ್ಟಿಯನ್ನು ಪರೀಕ್ಷಿಸುವುದು ಹೇಗೆಂದು ಮೊದಲ ವರ್ಷದ ಮಕ್ಕಳಿಗೆ ಕಲಿಸಲು ಶುರುಮಾಡಿದ್ದೇನೆ. ನನ್ನ ವೃತ್ತಿಯ ಮುಂದಿನ ದಿನಗಳು ಬಹುಪಾಲು ಇಂತಹ ಪಾಠದಲ್ಲಿಯೇ ಕಳೆಯುತ್ತವೆ ಅನ್ನಿಸುತ್ತದೆ.

ಎಸ್.ಆರ್. ರಂಗನಾಥನ್ ಅವರನ್ನು ಇಲ್ಲಿ ನೆನೆಯದೆ ಇರಲಾರೆ. ಗಣಿತದ ಮೇಷ್ಟರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಒಂದು ವಿಷಯವನ್ನು ಒಂದೇ ಗೂಡಿಗೆ ತುರುಕದೆ ವಸ್ತು, ಕ್ರಿಯೆ, ದೇಶ, ಕಾಲ ಎಂದು ಮುಖಗಳಾಗಿ ಬಿಡಿಸಿ ನೋಡುವುದು ಅವರ ದಾರಿ. ನೀವು ಮೊಬೈಲಿನಲ್ಲಿ ಸೀರೆ ಹುಡುಕುವಾಗ ಬಣ್ಣ, ನೂಲು, ಬೆಲೆ ಎಂದು ಒಂದೊಂದಾಗಿ ಸೋಸುತ್ತೀರಲ್ಲ, ಅದರ ಹಿಂದಿರುವುದೂ ಅದೇ ಬಗೆಯ ಆಲೋಚನೆ. ಸೀರೆಗೆ ಸಿಕ್ಕ ಸೌಲಭ್ಯ ಕನ್ನಡ ಪುಸ್ತಕಕ್ಕೆ ಇನ್ನೂ ಸಿಕ್ಕಿಲ್ಲ. ಸೀರೆಯ ವಿವರ ತುಂಬಲು ಅಂಗಡಿಯವರು ಸಂಬಳ ಕೊಟ್ಟು ಜನರನ್ನು ಇಟ್ಟಿದ್ದಾರೆ.

ನನ್ನ ಬೇಡಿಕೆಯೂ ಅಷ್ಟೇ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವೆಲ್ಲ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಸಾರ್ವಜನಿಕ ಹಣದಲ್ಲಿ ನಡೆಯುವ ಪ್ರತಿಯೊಂದು ಡಿಜಿಟಲೀಕರಣ ಯೋಜನೆಯಲ್ಲಿಯೂ ಸ್ಕ್ಯಾನರಿಗೆ ಇಟ್ಟಷ್ಟೇ ಹಣವನ್ನು ವಿವರ ಬರೆಯುವವರಿಗೂ ಇಡಿ. ಗ್ರಂಥಾಲಯ ವಿಜ್ಞಾನದ ತರಗತಿಯಲ್ಲಿ ಹಳಗನ್ನಡದ ೞ ಮತ್ತು ಱ ಓದಲು ಕಲಿಸಿ, ಯೂನಿಕೋಡ್ ಕಲಿಸಿ, ಹಕ್ಕುಸ್ವಾಮ್ಯ ಕಲಿಸಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮೇಲ್ವಿಚಾರಕರನ್ನು ಮರೆಯಬೇಡಿ. ವಿದ್ಯಾರ್ಥಿವೇತನದ ಅರ್ಜಿ ತುಂಬುವುದು ಹೇಗೆ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಯಾವ ಕೊಂಡಿ ಮೋಸದ್ದು ಎಂದು ಹಳ್ಳಿಯ ಮಕ್ಕಳು ಮೊದಲು ಕೇಳುವುದು ಅವರನ್ನೇ.

ಆ ವಿದ್ಯಾರ್ಥಿನಿ ಮತ್ತು ನಾನು ಸೇರಿ ಹಲ್ಲಿಯನ್ನು ಹಳ್ಳಿ ಮಾಡಿ, ಲೇಖಕರ ಹೆಸರನ್ನು ತುಂಬಿ, ಆ ಸಂಗ್ರಹದವರಿಗೆ ತಿದ್ದುಪಡಿ ಕಳುಹಿಸಿದೆವು. ಅವರು ಒಪ್ಪಿಕೊಂಡರು. ಶಿಕ್ಷಕರ ಟ್ರಂಕಿನಲ್ಲಿ ಇನ್ನೂ ನಲವತ್ತೊಂದು ಪುಸ್ತಕಗಳಿವೆ. ಅವುಗಳಲ್ಲಿ ಹನ್ನೆರಡಕ್ಕೆ ಮುಖಪುಟವಿಲ್ಲ. ಈಗ ಅವಳು ಶನಿವಾರ ಮಧ್ಯಾಹ್ನ ಬಂದು ನನ್ನ ಪಕ್ಕದಲ್ಲಿ ಕುಳಿತು ಅವುಗಳ ಮುನ್ನುಡಿಗಳನ್ನು ಗಟ್ಟಿಯಾಗಿ ಓದುತ್ತಾಳೆ, ನಾನು ಬರೆದುಕೊಳ್ಳುತ್ತೇನೆ.