ನುಂಗಲು ದಾರಿಯಾಯಿತು, ಹುಳಿ ಮೇಲೆ ಬಂತು

ತಿಂದ ಅನ್ನ ಎದೆಯ ನಡುವೆಯೇ ನಿಂತುಬಿಡುತ್ತದೆ. ನೀರು ಕುಡಿದರೂ ಇಳಿಯುವುದಿಲ್ಲ. ರಾತ್ರಿ ಮಲಗಿದರೆ ತಿಂದದ್ದು ಬಾಯಿಗೆ ವಾಪಸ್ ಬರುತ್ತದೆ. ಅಕಲೇಸಿಯಾ ಇರುವವರ ಪಾಡು ಇದು. ಅನ್ನನಾಳದ ಕೆಳತುದಿಯಲ್ಲಿ ಸ್ನಾಯುವಿನ ಒಂದು ಉಂಗುರ ಇದೆ. ನುಂಗಿದಾಗ ಅದು ಸಡಿಲಾಗಬೇಕು. ಅದನ್ನು ಸಡಿಲಿಸುವ ನರಕೋಶಗಳೇ ಇಲ್ಲಿ ಸತ್ತಿರುತ್ತವೆ, ಅವನ್ನು ಮತ್ತೆ ಬೆಳೆಸುವ ಔಷಧಿ ಇಲ್ಲ. ಹಾಗಾಗಿ ಉಂಗುರವನ್ನು ಹಿಗ್ಗಿಸಬೇಕು, ಇಲ್ಲವೇ ಕತ್ತರಿಸಬೇಕು. ಆದರೆ ಹೊಟ್ಟೆಯ ಹುಳಿಯನ್ನು ಕೆಳಗೇ ತಡೆದಿಡುವುದೂ ಇದೇ ಉಂಗುರ ಅಲ್ವಾ? ತೊಡಕು ಇರುವುದು ಅಲ್ಲೇ.

1674ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಇಂಥ ಒಬ್ಬ ರೋಗಿಯ ಬಗ್ಗೆ ಬರೆದರು. ತಿಮಿಂಗಿಲದ ಎಲುಬಿನ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿ, ಊಟವನ್ನು ಅದರಿಂದ ಕೆಳಗೆ ದೂಡಿಕೊಳ್ಳುತ್ತ ಆತ 15 ವರ್ಷ ಕಳೆದಿದ್ದ. 1913ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ ಸ್ನಾಯುವನ್ನೇ ಸೀಳಿದರು. ಊಟ ಇಳಿಯಿತು. ಹುಳಿ ಮೇಲೇರುವ ತೊಂದರೆಯೂ ಜೊತೆಗೇ ಬಂತು. 1962ರಲ್ಲಿ ಫ್ರಾನ್ಸಿನ ಡೋರ್ ಅದಕ್ಕೊಂದು ಉಪಾಯ ತೋರಿಸಿದರು: ಜಠರದ ಮೇಲ್ಭಾಗವನ್ನು ಎಳೆದು, ಸೀಳಿದ ಜಾಗದ ಮೇಲೆ ಹೊದಿಸಿ ಹೊಲಿಯುವುದು. 2004ರ ಒಂದು ಅಮೆರಿಕನ್ ಅಧ್ಯಯನದಲ್ಲಿ, ಬರೀ ಸೀಳಿಸಿಕೊಂಡ 21 ಜನರಲ್ಲಿ 10 ಮಂದಿಗೆ ಹುಳಿ ಏರುತ್ತಿತ್ತು. ಹೊದಿಕೆಯೂ ಇದ್ದ 22 ಜನರಲ್ಲಿ ಇಬ್ಬರಿಗೆ ಮಾತ್ರ.

ಪಾಠ ಇಷ್ಟು ಸ್ಪಷ್ಟವಾಗಿತ್ತು. ಅಷ್ಟರಲ್ಲಿ ಎಂಡೋಸ್ಕೋಪಿ ಬಹಳ ಮುಂದೆ ಹೋಯಿತು. 2007ರಲ್ಲಿ ವೈದ್ಯ ಪಂಕಜ್ ಪಸ್ರಿಚಾ ಅವರ ತಂಡ ಹಂದಿಗಳಲ್ಲಿ ಹೊಸ ವಿಧಾನ ಮಾಡಿ ನೋಡಿತು. 2008ರಲ್ಲಿ ಜಪಾನಿನ ಹರುಹಿರೊ ಇನೌಎ ಅದನ್ನು ಮನುಷ್ಯರಿಗೆ ತಂದರು. ಅದೇ 'ಪೋಯಮ್'. ಬಾಯಿಯಿಂದ ಕೊಳವೆ ಇಳಿಸಿ, ಅನ್ನನಾಳದ ಒಳಪದರದ ಅಡಿಯಲ್ಲಿ ಸುರಂಗ ಕೊರೆದು, ಅಲ್ಲಿಂದಲೇ ಸ್ನಾಯು ಕತ್ತರಿಸುವುದು. ಹೊಟ್ಟೆಯ ಮೇಲೆ ಒಂದು ಗಾಯವೂ ಇಲ್ಲ. ವರ್ಷಗಟ್ಟಲೆ ಸರಿಯಾಗಿ ಊಟ ಮಾಡದವರಿಗೆ ಇದು ನಿಜಕ್ಕೂ ದೊಡ್ಡ ವರ. ಆದರೆ ಹೊರಗಿನಿಂದ ಹೊಲಿಯುತ್ತಿದ್ದ ಆ ಹೊದಿಕೆಗೆ ಇಲ್ಲಿ ಜಾಗವಿರಲಿಲ್ಲ.

2019ರಲ್ಲಿ 221 ರೋಗಿಗಳ ಯುರೋಪಿನ ಅಧ್ಯಯನ ಹೊರಬಂತು. ಎರಡು ವರ್ಷದ ನಂತರ ನುಂಗುವ ವಿಷಯದಲ್ಲಿ ಎರಡೂ ಸರಿಸಮ: ಪೋಯಮ್‌ನಲ್ಲಿ ಶೇ. 83, ಹೊಟ್ಟೆಗೆ ಸಣ್ಣ ತೂತು ಮಾಡಿ ಸ್ನಾಯು ಸೀಳಿ ಹೊದಿಕೆ ಹೊಲಿಯುವ ಲ್ಯಾಪರೋಸ್ಕೋಪಿಯಲ್ಲಿ ಶೇ. 82 ಜನರಿಗೆ ಗುಣ. ಆದರೆ ಮೂರು ತಿಂಗಳಿಗೆ ಎಂಡೋಸ್ಕೋಪಿ ಮಾಡಿ ನೋಡಿದಾಗ, ಪೋಯಮ್ ಆದವರಲ್ಲಿ ಶೇ. 57 ಜನರ ಅನ್ನನಾಳ ಹುಳಿಯಿಂದ ಕೆಂಪಾಗಿತ್ತು. ಇನ್ನೊಂದು ಗುಂಪಿನಲ್ಲಿ ಶೇ. 20.

ಇವರಲ್ಲಿ ಹೆಚ್ಚಿನವರ ಹುಣ್ಣು ಸಣ್ಣದು. ಹುಳಿ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗೆ ಬಗ್ಗುತ್ತದೆ. ನನ್ನನ್ನು ಕಾಡುವುದು ಬೇರೆ ಸಂಗತಿ. ಎಷ್ಟೋ ಜನರಿಗೆ ಎದೆಯುರಿ ಆಗುವುದೇ ಇಲ್ಲ, ಒಳಗೆ ಮಾತ್ರ ಹುಣ್ಣಾಗುತ್ತಿರುತ್ತದೆ. ಊಟ ಸಲೀಸಾಗಿ ಇಳಿಯುತ್ತಿದೆ ಎಂದು ಅವರು ಆಸ್ಪತ್ರೆಯ ಕಡೆ ಹೋಗುವುದನ್ನೇ ಬಿಡುತ್ತಾರೆ. ಪೋಯಮ್ ಆದವರು ಸುಮ್ನೆ ಇರಬಾರದು. ಉರಿ ಇಲ್ಲದಿದ್ದರೂ ವೈದ್ಯರು ಹೇಳಿದ ಸಮಯಕ್ಕೆ ಮತ್ತೆ ಎಂಡೋಸ್ಕೋಪಿ ಮಾಡಿಸಿಕೊಳ್ಳಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಜಠರದ ಕಡೆಗೆ ಕಡಿಮೆ ಕತ್ತರಿಸಿದರೆ, ಅಲ್ಲಿನ ಓರೆ ಸ್ನಾಯುಗಳನ್ನು ಉಳಿಸಿದರೆ ಹುಳಿ ಕಡಿಮೆಯಾದೀತೇ ಎಂದು ವೈದ್ಯರು ಈಗ ನೋಡುತ್ತಿದ್ದಾರೆ. ಇನೌಎ ತಂಡವಂತೂ ಅದೇ ಸುರಂಗದಿಂದ ಹೊಟ್ಟೆಯೊಳಕ್ಕೆ, ಜಠರದ ಹೊರಬದಿಗೆ ಇಳಿದು, ಡೋರ್ ಹೊಲಿಯುತ್ತಿದ್ದ ಹೊದಿಕೆಯಂಥದನ್ನು ಎಂಡೋಸ್ಕೋಪಿಯಿಂದಲೇ ಕೂರಿಸಲು ಶುರುಮಾಡಿದೆ.