ಸಹಿ ಹಾಕುವ ಮುಂಚೆ ಜಾಬ್ ಕಾರ್ಡ್ ಓದಿ

ಸರ್ವಿಸ್ ಸೆಂಟರ್‌ನಲ್ಲಿ ನಡೆಯುವ ಜಗಳಗಳಲ್ಲಿ ಮುಕ್ಕಾಲು ಪಾಲು ರಿಪೇರಿ ಬಗ್ಗೆ ಅಲ್ಲವೇ ಅಲ್ಲ. "ನಾನು ಅವತ್ತೇ ಹೇಳಿದ್ದೆ", "ಇಲ್ಲ ಸರ್, ನೀವು ಹೇಳಿಲ್ಲ" ಅನ್ನುವ ಜಗಳ ಅದು. ಬಾಯಲ್ಲಿ ಹೇಳಿದ್ದಕ್ಕೆ ಅಲ್ಲಿ ಬೆಲೆ ಇಲ್ಲ. ಗಾಡಿ ಬಿಡುವಾಗ ನಿಮ್ಮ ದೂರು ಬರೆದು ಸಹಿ ಹಾಕಿಸಿಕೊಳ್ಳುವ ಕಾಗದವೇ ಜಾಬ್ ಕಾರ್ಡ್. ಜಾಬ್ ಕಾರ್ಡ್‌ನಲ್ಲಿ ಏನಿದೆಯೋ ಅಷ್ಟೇ ಲೆಕ್ಕ. ನಾನು ಮೊದಲು ಶೋರೂಮ್‌ನಲ್ಲಿ ಸರ್ವಿಸ್ ಅಡ್ವೈಸರ್, ಅಂದರೆ ಗಾಡಿ ತೆಗೆದುಕೊಂಡು ದೂರು ಬರೆದುಕೊಳ್ಳುವವನು, ಆಗಿದ್ದೆ, ಈಗ ಸ್ವಂತ ವರ್ಕ್‌ಶಾಪ್ ನಡೆಸುತ್ತೇನೆ. ಕೌಂಟರ್‌ನ ಆ ಕಡೆ ಏನು ನಡೆಯುತ್ತದೆ ಅಂತ ಗೊತ್ತಾದರೆ ಈ ಕಡೆ ನಿಂತವರಿಗೆ ಅನುಕೂಲ ಅಂತ ಇದನ್ನು ಬರೆಯುತ್ತಿದ್ದೇನೆ.

ಬೆಳಗ್ಗೆ ಒಂಬತ್ತೂವರೆ ಅಂದುಕೊಳ್ಳಿ. ನಿಮ್ಮ ಹಿಂದೆ ಇನ್ನೂ ಐದಾರು ಗಾಡಿ ನಿಂತಿವೆ. "ಏನೋ ಒಂಥರಾ ಸೌಂಡ್ ಬರ್ತಿದೆ, ಸ್ವಲ್ಪ ನೋಡಿ" ಅಂತ ನೀವು ಹೇಳುತ್ತೀರಿ. ಅಡ್ವೈಸರ್ ಟ್ಯಾಬ್‌ನಲ್ಲಿ "ಜನರಲ್ ಚೆಕಪ್" ಅಂತ ಒತ್ತುತ್ತಾನೆ. ಒಳಗಿರುವ ಟೆಕ್ನಿಷಿಯನ್ ನಿಮ್ಮ ಮುಖ ನೋಡಿರುವುದಿಲ್ಲ, ಅವನಿಗೆ ಸಿಗುವುದು ಆ ಎರಡು ಪದ ಮಾತ್ರ. ಗಾಡಿಯನ್ನು ಲಿಫ್ಟ್‌ಗೆ ಏರಿಸಿ, ಚಕ್ರ ಅಲ್ಲಾಡಿಸಿ ನೋಡಿ, ಟಿಕ್ ಹಾಕುತ್ತಾನೆ. ಸಂಜೆ ಗಾಡಿ ತೊಳೆದು ಪಳಪಳ ಮಾಡಿ ಕೊಡುತ್ತಾರೆ. ಮಾರನೇ ದಿನ ಅದೇ ಸೌಂಡ್.

ಅದರ ಬದಲು ಹೀಗೆ ಬರೆಸಿ: "ಬೆಳಗ್ಗೆ ಇಂಜಿನ್ ತಣ್ಣಗಿರುವಾಗ, ಹಂಪ್ ಇಳಿಯುವಾಗ, ಮುಂದಿನ ಎಡಗಡೆ ಚಕ್ರದ ಹತ್ತಿರ ಟಕ್ ಟಕ್ ಸೌಂಡ್. ಇಂಜಿನ್ ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ." ಯಾವಾಗ, ಎಲ್ಲಿ, ಹೇಗೆ. ಇಷ್ಟಿದ್ದರೆ ಟೆಕ್ನಿಷಿಯನ್‌ಗೆ ಅರ್ಧ ಕೆಲಸ ಮುಗಿದಂತೆ. ಕಾಯಿಲೆ ಯಾವುದು ಅಂತ ಮಾತ್ರ ನೀವೇ ತೀರ್ಮಾನ ಮಾಡಬೇಡಿ. "ಶಾಕ್ ಅಬ್ಸಾರ್ಬರ್ ಹೋಗಿದೆ, ಬದಲಾಯಿಸಿ" ಅಂದರೆ ಖುಷಿಯಾಗಿ ಬದಲಾಯಿಸಿ ಬಿಲ್ ಹಾಕುತ್ತಾರೆ. ಸೌಂಡ್ ಹಾಗೇ ಉಳಿದರೆ "ನೀವೇ ಹೇಳಿದ್ದಲ್ವಾ ಸರ್" ಅನ್ನುವ ಉತ್ತರ ಸಿಗುತ್ತದೆ. ಸಾಧ್ಯವಾದರೆ ಗಾಡಿ ಬಿಡುವಾಗಲೇ ಟೆಕ್ನಿಷಿಯನ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ರೌಂಡ್ ಹೋಗಿ ಬನ್ನಿ.

ವಾರಂಟಿ ಇರುವ ಗಾಡಿಗಂತೂ ಇದು ಇನ್ನೂ ಮುಖ್ಯ. ಜನರಿಗೆ ಅಷ್ಟಾಗಿ ಗೊತ್ತಿಲ್ಲದ ವಿಷಯ ಒಂದಿದೆ. ವಾರಂಟಿ ಕೆಲಸದ ದುಡ್ಡು ಡೀಲರ್‌ಗೆ ಬರುವುದು ಕಾರ್ ಕಂಪನಿಯಿಂದ. ಅದಕ್ಕೆ ಫೋಟೋ, ಸ್ಕ್ಯಾನ್ ರಿಪೋರ್ಟ್, ಕಾರಣ ಎಲ್ಲ ಹಾಕಿ ಕ್ಲೇಮ್ ಕಳಿಸಬೇಕು. ಕಂಪನಿ ಕ್ಲೇಮ್ ತಿರಸ್ಕರಿಸಿದರೆ ಹೊರೆ ಡೀಲರ್ ತಲೆ ಮೇಲೆ. ಹಾಗಾಗಿ ಒಮ್ಮೆ ಬಂದು ಒಮ್ಮೆ ಹೋಗುವ ತೊಂದರೆಯನ್ನು ಕ್ಲೇಮ್ ಮಾಡಲು ಅಡ್ವೈಸರ್ ಹಿಂದೆ ಮುಂದೆ ನೋಡುತ್ತಾನೆ. "ಮುಂದಿನ ಸರ್ವಿಸ್‌ಗೆ ನೋಡೋಣ ಸರ್" ಅನ್ನುವ ಮಾತು ಹುಟ್ಟುವುದು ಇಲ್ಲಿಂದಲೇ. ಮುಂದಿನ ಸರ್ವಿಸ್ ಬರುವ ಹೊತ್ತಿಗೆ ವಾರಂಟಿ ಮುಗಿದಿರಬಹುದು.

ನೋಡೋಣ ಅಂದರೆ ನೋಡಲಿ, ಬೇಡ ಅನ್ನಬೇಡಿ. ಆದರೆ ದೂರನ್ನು ಇವತ್ತಿನ ಜಾಬ್ ಕಾರ್ಡ್‌ನಲ್ಲಿ, ಇವತ್ತಿನ ತಾರೀಕು, ಇವತ್ತಿನ ಕಿಲೋಮೀಟರ್ ಜೊತೆ ಬರೆಸಿ, ಕಾಪಿ ಇಟ್ಟುಕೊಳ್ಳಿ. ವಾರಂಟಿ ಮುಗಿದ ಮೇಲೆ ಅದೇ ಪಾರ್ಟ್ ಕೈಕೊಟ್ಟರೆ "ಇದು ವಾರಂಟಿ ಇದ್ದಾಗಿನ ದೂರು" ಅಂತ ತೋರಿಸಲು ಆ ಕಾಗದವೇ ಬೇಕು. ಅಂಥ ದಾಖಲೆ ಇದ್ದರೆ, ವಾರಂಟಿ ದಾಟಿದರೂ ಕಂಪನಿಗಳು ಕೆಲವೊಮ್ಮೆ "ಗುಡ್‌ವಿಲ್" ಅಂತ ಖರ್ಚಿನಲ್ಲಿ ಒಂದು ಪಾಲು ಕೊಡುತ್ತವೆ. ಕೇಳದೆ ಯಾರೂ ಕೊಡುವುದಿಲ್ಲ. ಕೇಳುವವರೂ ಕಡಿಮೆ.

ಗಾಡಿ ದಾರಿಯಲ್ಲೇ ನಿಂತರೆ? ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಿ. ಆಟೊಮ್ಯಾಟಿಕ್ ಗಾಡಿಯನ್ನು ಹಗ್ಗ ಕಟ್ಟಿ ಎಳೆಯಲು ಬಿಡಬೇಡಿ. ಇಂಜಿನ್ ಆಫ್ ಇದ್ದಾಗ ಗೇರ್‌ಬಾಕ್ಸ್‌ನ ಆಯಿಲ್ ಪಂಪ್ ತಿರುಗುವುದಿಲ್ಲ, ಚಕ್ರ ಮಾತ್ರ ತಿರುಗುತ್ತದೆ, ಒಳಗೆ ಒಣಗಿದ ಉಜ್ಜಾಟ. ಫ್ಲಾಟ್‌ಬೆಡ್ ಗಾಡಿಯೇ (ಇಡೀ ಕಾರನ್ನು ಮೇಲೆ ಹೇರಿಕೊಂಡು ಹೋಗುವ ಲಾರಿ) ಬೇಕು ಅಂತ ಹೇಳಿ. ಚೆಕ್ ಇಂಜಿನ್ ಲೈಟ್ ಬಂದಿದ್ದರೆ ಡ್ಯಾಶ್‌ಬೋರ್ಡ್‌ನ ಫೋಟೋ ತೆಗೆಯಿರಿ. ದಾರಿಬದಿಯ ಮೆಕ್ಯಾನಿಕ್ ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿದರೆ ಲೈಟ್ ಹೋಗಬಹುದು, ಅದರ ಜೊತೆ ಇಂಜಿನ್ ಕಂಪ್ಯೂಟರ್‌ನಲ್ಲಿದ್ದ ತಪ್ಪಿನ ಕೋಡ್ ಕೂಡ ಅಳಿಸಿಹೋಗಬಹುದು. ಆಮೇಲೆ ಶೋರೂಮ್‌ನವರು "ಏನೂ ತೊಂದರೆ ಕಾಣ್ತಿಲ್ಲ" ಅಂದರೆ ಅವರ ತಪ್ಪಲ್ಲ.

ಎಲ್ಲಕ್ಕಿಂತ ದುಬಾರಿ ಬೀಳುವುದು ಮಳೆನೀರು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡ್ ಕಡೆ ಲೇಔಟ್‌ಗಳಿಗೇ ನೀರು ನುಗ್ಗಿ ಕಾರುಗಳು ಮುಳುಗಿದ್ದು ನೆನಪಿದೆ ಅಲ್ವಾ? ನೀರಲ್ಲಿ ಗಾಡಿ ಆಫ್ ಆದರೆ ಯಾವ ಕಾರಣಕ್ಕೂ ಮತ್ತೆ ಸ್ಟಾರ್ಟ್ ಮಾಡಬೇಡಿ. ಪಿಸ್ಟನ್ ಗಾಳಿಯನ್ನು ಒತ್ತಬಲ್ಲದು, ನೀರನ್ನು ಒತ್ತಲಾರದು. ಸಿಲಿಂಡರ್‌ಗೆ ನೀರು ಹೋಗಿದ್ದಾಗ ಒಂದು ಸಲ ಕೀ ತಿರುಗಿಸಿದರೂ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಸ್ಟಾರ್ಟ್ ಮಾಡದೆ ತಂದ ಗಾಡಿಯಲ್ಲಿ ಎಷ್ಟೋ ಸಲ ನೀರು ತೆಗೆದು, ಆಯಿಲ್, ಫಿಲ್ಟರ್ ಬದಲಾಯಿಸಿದರೆ ಮುಗಿಯುವ ಕೆಲಸ, ಸ್ಟಾರ್ಟ್ ಮಾಡಿದರೆ ಇಂಜಿನ್ ಬಿಚ್ಚುವ ಕೆಲಸವಾಗುತ್ತದೆ. ವಾರಂಟಿ ಇದಕ್ಕೆ ಬರುವುದಿಲ್ಲ. ಇಂಜಿನ್ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ಕವರ್ ಸೇರಿಸಿಕೊಳ್ಳದ ಮಾಮೂಲಿ ಇನ್ಶೂರೆನ್ಸ್‌ನವರೂ ಸಾಮಾನ್ಯವಾಗಿ ಕೈ ಎತ್ತುತ್ತಾರೆ. ಫ್ಲಾಟ್‌ಬೆಡ್‌ನಲ್ಲಿ ಕಳಿಸಿ, "ನೀರಿನಲ್ಲಿ ನಿಂತ ಗಾಡಿ, ಆಮೇಲೆ ಸ್ಟಾರ್ಟ್ ಮಾಡಿಲ್ಲ" ಅಂತ ಜಾಬ್ ಕಾರ್ಡ್‌ನಲ್ಲಿ ಬರೆಸಿ. ನಷ್ಟ ನೋಡಲು ಇನ್ಶೂರೆನ್ಸ್ ಸರ್ವೇಯರ್ ಬಂದಾಗ ಆ ಒಂದು ಸಾಲು ಕೆಲಸಕ್ಕೆ ಬರುತ್ತದೆ.

ಇನ್ನು ಎಸ್ಟಿಮೇಟ್, ಅಂದರೆ ಖರ್ಚಿನ ಅಂದಾಜು ಪಟ್ಟಿ. ಅದರಲ್ಲಿ ಇಂಥವು ಸೇರಿಕೊಂಡಿರುತ್ತವೆ: ಇಂಜಿನ್ ಡಿಕಾರ್ಬನೈಸಿಂಗ್, ಇಂಜೆಕ್ಟರ್ ಕ್ಲೀನಿಂಗ್, ಎಸಿ ಡಿಸಿನ್ಫೆಕ್ಟೆಂಟ್, ಟೆಫ್ಲಾನ್ ಕೋಟಿಂಗ್. ಇವನ್ನು ಮಾರಲು ಅಡ್ವೈಸರ್‌ಗಳಿಗೆ ತಿಂಗಳ ಟಾರ್ಗೆಟ್ ಇರುತ್ತದೆ. ಪಾಪ, ಆ ಹುಡುಗರ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಯಾವ ಕಿಲೋಮೀಟರ್‌ಗೆ ಏನು ಮಾಡಬೇಕು ಅಂತ ಪಟ್ಟಿ ಇದೆ. ಅದನ್ನು ತೆರೆದು "ಇದರಲ್ಲಿ ಇರುವುದಷ್ಟೇ ಮಾಡಿ, ಜಾಸ್ತಿ ಏನಾದರೂ ಬೇಕಾದರೆ ಫೋನ್ ಮಾಡಿ ಕೇಳಿ" ಅಂದರೆ ಮಾತು ಮುಗಿಯಿತು. ಬದಲಾಯಿಸಿದ ಹಳೇ ಪಾರ್ಟ್ ವಾಪಸ್ ಬೇಕು ಅಂತಲೂ ಬರೆಸಿ. ವಾರಂಟಿಯಲ್ಲಿ ಬದಲಾದ ಪಾರ್ಟ್ ಮಾತ್ರ ಕೊಡುವುದಿಲ್ಲ, ಅದು ಕಂಪನಿಗೆ ಹೋಗಬೇಕು.

ಎರಡು ಮೂರು ಸಲ ಹೋದರೂ ಅದೇ ತೊಂದರೆ ಇದ್ದರೆ ಸರ್ವಿಸ್ ಮ್ಯಾನೇಜರ್ ಹತ್ತಿರ ವಾದ ಮಾಡುತ್ತಾ ಕೂರಬೇಡಿ. ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಹಾಕಿ ದೂರಿನ ನಂಬರ್ ತೆಗೆದುಕೊಳ್ಳಿ. ಕಂಪನಿಯ ಏರಿಯಾ ಸರ್ವಿಸ್ ಮ್ಯಾನೇಜರ್ ಡೀಲರ್ ಹತ್ತಿರ ಯಾವತ್ತು ಬರುತ್ತಾರೆ ಕೇಳಿ, ಆ ದಿನ ಗಾಡಿ ತನ್ನಿ. ಕ್ಲೇಮ್ ಪಾಸ್ ಮಾಡಿಸುವ ಶಕ್ತಿ ಇರುವುದು ಅವರಿಗೆ. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. 50 ಲಕ್ಷ ರೂಪಾಯಿವರೆಗೆ ಕೊಟ್ಟು ಕೊಂಡದ್ದರ ದೂರು ಅಲ್ಲೇ ನಡೆಯುತ್ತದೆ, ವಕೀಲರು ಬೇಕೇ ಬೇಕು ಅಂತಿಲ್ಲ. ತೊಂದರೆಯಾದ ಎರಡು ವರ್ಷದೊಳಗೆ ಹೋಗಬೇಕು. ಅಲ್ಲೂ ಮೊದಲು ಕೇಳುವುದು ಜಾಬ್ ಕಾರ್ಡ್ ಕಾಪಿಗಳನ್ನೇ.

ಹಾಂ, ಸರ್ವಿಸ್‌ಗೆ ಶನಿವಾರ ಮತ್ತು ಸೋಮವಾರ ಹೋಗಬೇಡಿ, ಆ ದಿನ ರಶ್ ಜಾಸ್ತಿ. ಬುಧವಾರವೋ ಗುರುವಾರವೋ ಹೋದರೆ ಅಡ್ವೈಸರ್ ನಿಮ್ಮ ಜೊತೆ ಒಂದು ರೌಂಡ್ ಬರಲು ಒಪ್ಪುತ್ತಾನೆ.