ಕೊಡಲಿಗೆ ಬಗ್ಗದ ಬಳ್ಳಾರಿ ಜಾಲಿ

ತೊಗರಿ, ಹತ್ತಿ ಕಟಾವಾಗಿ ಎರಿ ಭೂಮಿ ಬಿರುಕು ಬಿಟ್ಟು ನಿಂತಿರುವ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಿಂದ ಜೇವರ್ಗಿ ದಾಟಿ ಶಹಾಪುರದ ಕಡೆಗೆ ಹೊರಟರೆ, ದಾರಿಯುದ್ದಕ್ಕೂ ಕಾಣುವ ಹಸಿರು ಬಹುಮಟ್ಟಿಗೆ ಒಂದೇ ಗಿಡದ್ದು. ಹಳ್ಳದ ದಂಡೆ, ಕೆರೆಯಂಗಳ, ನಾರಾಯಣಪುರ ಎಡದಂಡೆ ಕಾಲುವೆಯ ಏರಿ, ಶಹಾಬಾದ್ ಕಡೆಯ ಪಾಳುಬಿದ್ದ ಕಲ್ಲುಗಣಿ, ಎಲ್ಲಕ್ಕಿಂತ ಹೆಚ್ಚಾಗಿ ಊರಿನ ದನಕರು ಮೇಯಲೆಂದು ಬಿಟ್ಟಿರುವ ಗಾಯರಾಣ, ಎಲ್ಲ ಕಡೆಯೂ ಬಳ್ಳಾರಿ ಜಾಲಿಯೇ. ಪ್ರತಿ ಬೇಸಿಗೆಯಲ್ಲಿ ಎಲ್ಲಾದರೊಂದು ಕಡೆ ಜೆಸಿಬಿ ಬರುತ್ತದೆ, ಕಂಟಿ ಬಯಲಾಗುತ್ತದೆ. ಎರಡು ಮಳೆಗಾಲ ಕಳೆಯುವುದರೊಳಗೆ ಅದೇ ಜಾಗದಲ್ಲಿ ಮೊದಲಿಗಿಂತ ದಟ್ಟವಾದ ಪೊದೆ ನಿಂತಿರುತ್ತದೆ. ಗಿಡದ ಹಟವೆಂದು ಜನ ಬೈಯುತ್ತಾರೆ. ಆದರೆ ಇದರಲ್ಲಿ ಗಿಡದ ಪಾಲು ಅರ್ಧ, ಉಳಿದರ್ಧ ನಾವು ಹುಲ್ಲನ್ನು ನಡೆಸಿಕೊಂಡ ರೀತಿಯದು.

ಪ್ರೊಸೊಪಿಸ್ ಜೂಲಿಫ್ಲೋರಾ ಎಂದು ಸಸ್ಯಶಾಸ್ತ್ರಜ್ಞರು ಕರೆಯುತ್ತಿದ್ದ ಈ ಗಿಡ ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗಕ್ಕೆ ಸೇರಿದ್ದು. 1877ರ ಸುಮಾರಿಗೆ ಜಮೈಕಾದ ಬೀಜ ಮದ್ರಾಸ್ ಪ್ರಾಂತ್ಯಕ್ಕೆ ಬಂದು ಕಡಪಾ ಸೀಮೆಯಲ್ಲಿ ಮೊಳೆಯಿತು. ಜೋಧಪುರ ಸಂಸ್ಥಾನವು 1940ರಲ್ಲಿ ಇದಕ್ಕೆ ರಾಜಮರ್ಯಾದೆಯನ್ನೇ ಕೊಟ್ಟು ಕಾಪಾಡಿತು. 1961ರಲ್ಲಿ ಕಚ್ಛದ ರಣ ಮುಂದೊತ್ತುವುದನ್ನು ತಡೆಯಲು ಅಲ್ಲಿನ ಬನ್ನಿ ಎಂಬ ಹೆಸರಿನ ಹುಲ್ಲುಗಾವಲಿನಲ್ಲಿ 30 ಸಾವಿರ ಹೆಕ್ಟೇರಿಗೂ ಮಿಕ್ಕಿ ಇದನ್ನು ನೆಡಲಾಯಿತು. ನೆಟ್ಟವರು ಮೂರ್ಖರಲ್ಲ. ಸೌಳು ನೆಲದಲ್ಲಿ ಬದುಕುವ, ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಡುವ, ಆಡು ಕೂಡ ಎಲೆ ಮುಟ್ಟದ, ಉತ್ತಮ ಸೌದೆ ಕೊಡುವ ಗಿಡ ಬರಡು ನೆಲಕ್ಕೆ ವರವೆಂದೇ ಅವರಿಗೆ ಕಂಡಿತ್ತು. ಅವೇ ಗುಣಗಳು ಇಂದು ನಮ್ಮ ತಲೆನೋವಾಗಿವೆ.

ಹುಲ್ಲು ಮತ್ತು ಕಂಟಿಯ ನಡುವಿನ ಪೈಪೋಟಿ ಮೂಲತಃ ನೀರಿನದು. ಬೀದರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ವರ್ಷಕ್ಕೆ ಸುಮಾರು 700ರಿಂದ 900 ಮಿಲಿಮೀಟರ್ ಮಳೆಯಾಗುತ್ತದೆ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ಹುಲ್ಲಿನ ಬೇರು ಮೇಲ್ಮಣ್ಣಿನಲ್ಲಿ ಜಾಳಿಗೆಯಂತೆ ಹರಡಿ, ಬಿದ್ದ ಮಳೆಯ ಬಹುಪಾಲನ್ನು ಅಲ್ಲಿಯೇ ಹೀರಿಕೊಳ್ಳುತ್ತದೆ. ಕಂಟಿಯ ಬೇರು ಆಳಕ್ಕಿಳಿಯುತ್ತದೆ. ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿಯೊಂದರ ಬೇರು ಅಮೆರಿಕದ ಅರಿಜೋನಾದ ತೆರೆದ ಗಣಿಯಲ್ಲಿ 53 ಮೀಟರ್ ಆಳದಲ್ಲಿ ಸಿಕ್ಕ ದಾಖಲೆಯಿದೆ. ಹುಲ್ಲು ಗಟ್ಟಿಯಾಗಿದ್ದರೆ ಆಳಕ್ಕಿಳಿಯುವ ನೀರು ಕಡಿಮೆ, ಮೊಳೆತ ಕಂಟಿಗೆ ಮೊದಲ ಬೇಸಿಗೆ ದಾಟುವುದೇ ಕಷ್ಟ. ದನ, ಕುರಿ, ಆಡುಗಳು ವರ್ಷವಿಡೀ ಬುಡದವರೆಗೆ ಮೇಯ್ದ ಹುಲ್ಲಿನ ಬೇರು ಮಾತ್ರ ಮೊಟಕಾಗುತ್ತ ಹೋಗಿ, ಕುಡಿಯುವವರಿಲ್ಲದ ನೀರು ಕೆಳಗಿಳಿದು ಕಂಟಿಯ ಪಾಲಾಗುತ್ತದೆ. ಈ ಎರಡು ಪದರಗಳ ವಿವರಣೆಯನ್ನು ಕೊಟ್ಟವನು ಜರ್ಮನಿಯ ಸಸ್ಯವಿಜ್ಞಾನಿ ಹೈನ್ರಿಖ್ ವಾಲ್ಟರ್. ಎಲ್ಲ ಮಣ್ಣಿಗೂ ಇದು ಅಚ್ಚುಕಟ್ಟಾಗಿ ಒಪ್ಪುವುದಿಲ್ಲ ಎಂಬ ತಕರಾರು ಇದೆಯಾದರೂ, ಬೋಳಾದ ಗಾಯರಾಣವೇ ಮೊದಲು ಕಂಟಿಯ ವಶವಾಗುವುದೇಕೆ ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ. ಅಂದಹಾಗೆ, ಈ ಗಿಡ ಗಾಳಿಯ ತೇವವನ್ನು ಹೀರಿ ಮಳೆಯನ್ನೇ ತಡೆಯುತ್ತದೆ ಎಂದು ವಾಟ್ಸಾಪ್‌ನಲ್ಲಿ ಓಡಾಡುವ ಮಾತಿಗೆ ಬುಡವಿಲ್ಲ. ಅದು ಕುಡಿಯುವುದು ನೆಲದ ನೀರನ್ನು. ದೂರಲು ಅಷ್ಟು ಸಾಕು.

ಇನ್ನು ಬೀಜದ ವಿಚಾರ. ಬೇಸಿಗೆಯಲ್ಲಿ, ಮೇವು ಎಲ್ಲೂ ಇಲ್ಲದ ಹೊತ್ತಿಗೆ ಸರಿಯಾಗಿ, ಜಾಲಿಯ ಹಳದಿ ಕಾಯಿ ಮಾಗಿ ಉದುರುತ್ತದೆ. ಕಾಯಿಯ ತಿರುಳು ಸಿಹಿ, ಸಕ್ಕರೆಯಂಶ ಸಮೃದ್ಧ. ದನ, ಕುರಿ, ಆಡುಗಳು ಎಲೆಗೆ ಮೂಗು ಮುರಿದರೂ ಕಾಯಿಗಾಗಿ ಗಿಡದಿಂದ ಗಿಡಕ್ಕೆ ಅಲೆಯುತ್ತವೆ. ಒಂದು ಕಾಯಿ ಮುರಿದು ನೋಡಿದರೆ ಪ್ರತಿ ಬೀಜವೂ ಪ್ರತ್ಯೇಕವಾದ, ಚರ್ಮದಂಥ ಗಟ್ಟಿ ಕೋಶದೊಳಗೆ ಕುಳಿತಿರುವುದು ಕಾಣುತ್ತದೆ. ಉಗುರಿನಿಂದ ಅದನ್ನು ಬಿಡಿಸುವುದು ಆಗದ ಮಾತು. ದನದ ಹಲ್ಲಿಗೂ ಅದು ಸುಲಭಕ್ಕೆ ಸಿಗುವುದಿಲ್ಲ. ಹೊಟ್ಟೆಯ ಆಮ್ಲದಲ್ಲಿ ನೆನೆದು, ಸಿಪ್ಪೆ ಮೆದುವಾಗಿ, ಕೆಲವು ದಿನಗಳ ನಂತರ ಸಗಣಿಯ ಜೊತೆ ಹೊರಬೀಳುವ ಬೀಜಕ್ಕೆ ತೇವವೂ ಗೊಬ್ಬರವೂ ಒಟ್ಟಿಗೇ ಸಿಗುತ್ತವೆ. ಜೂನ್‌ನ ಮೊದಲ ಹದ ಮಳೆಯಾದ ಮೇಲೆ ಗಾಯರಾಣದಲ್ಲಿ ಬಿದ್ದ ಹಳೆಯ ಸಗಣಿಯೊಂದನ್ನು ಕೋಲಿನಿಂದ ಮಗುಚಿ ಹಾಕಿದರೆ, ಅದರ ಅಡಿಯಿಂದ ಎರಡೆರಡು ದಪ್ಪ ಬೀಜದಳ ಬಿಚ್ಚಿದ ಸಸಿಗಳು ಗುಂಪಾಗಿ ಎದ್ದಿರುವುದನ್ನು ಯಾರು ಬೇಕಾದರೂ ನೋಡಬಹುದು. ಹೊಲದಲ್ಲಿ ಹಟ್ಟಿ ಹಾಕಿದ ಕುರಿಗಳ ಹಿಕ್ಕೆಯೊಂದಿಗೂ ಬೀಜ ಬರುತ್ತದೆ, ಆದರೆ ಅಲ್ಲಿ ಕುಂಟೆ ಹೊಡೆದಾಗ ಸಸಿ ಸಾಯುತ್ತದೆ. ಕುಂಟೆ ತಾಗದ ಬದು, ಹಳ್ಳ, ಗಾಯರಾಣಗಳಲ್ಲಿ ಅದು ಉಳಿಯುತ್ತದೆ. ಮೊಳೆಯದೆ ಮಣ್ಣಿನಲ್ಲೇ ಉಳಿದ ಬೀಜಗಳು ವರ್ಷಗಟ್ಟಲೆ ಜೀವ ಹಿಡಿದು ಕಾಯುತ್ತವೆ.

ಆಸ್ಟ್ರೇಲಿಯದಲ್ಲಿ ಈ ಬಳಗದ ಗಿಡಗಳನ್ನು ರಾಷ್ಟ್ರೀಯ ಮಹತ್ವದ ಕಳೆಗಳ ಪಟ್ಟಿಯಲ್ಲಿ ಇಡಲಾಗಿದೆ. ಜಾಲಿಯಿರುವ ಬಯಲಿನಲ್ಲಿ ಮೇಯ್ದ ದನಗಳನ್ನು ಶುದ್ಧ ಬಯಲಿಗೆ ಬಿಡುವ ಮೊದಲು ಸುಮಾರು ಒಂದು ವಾರ ದೊಡ್ಡಿಯಲ್ಲಿ ಕೂಡಿಹಾಕಿ ಹೊಟ್ಟೆ ಖಾಲಿಯಾಗಲು ಬಿಡಬೇಕೆಂದು ಅಲ್ಲಿ ಸಲಹೆ ಕೊಡುತ್ತಾರೆ. ದಿನವೂ ಊರ ದನವೆಲ್ಲ ಒಟ್ಟಾಗಿ ಹೊರಡುವ ನಮ್ಮಲ್ಲಿ ಇದು ನಡೆಯುವ ಮಾತಲ್ಲ. ನಡೆಯಬಹುದಾದದ್ದು ಬೇರೆಯಿದೆ: ಕಾಯಿಯನ್ನು ಆರಿಸಿ, ಒಣಗಿಸಿ, ಗಿರಣಿಯಲ್ಲಿ ಬೀಜಸಮೇತ ಪುಡಿ ಮಾಡಿ ಮೇವಿಗೆ ಬೆರೆಸುವುದು. ಬೀಜ ಸಾಯುತ್ತದೆ, ಅದರೊಳಗಿನ ಪ್ರೋಟೀನು ದನಕ್ಕೆ ದಕ್ಕುತ್ತದೆ. ಒಟ್ಟು ಮೇವಿನಲ್ಲಿ ಐದನೇ ಒಂದು ಪಾಲನ್ನು ಮೀರದಿದ್ದರೆ ಒಳ್ಳೆಯದು. ಬರದ ವರ್ಷದಲ್ಲಿ ತಿಂಗಳುಗಟ್ಟಲೆ ಬರೀ ಜಾಲಿಕಾಯಿಯನ್ನೇ ತಿಂದ ದನ, ಆಡುಗಳಿಗೆ ಅದರ ಕ್ಷಾರಸತ್ವಗಳಿಂದ ದವಡೆಯ ನರಗಳು ಕೆಟ್ಟು, ಮೆಲುಕು ಹಾಕಲಾಗದೆ ಸೊರಗುವುದುಂಟು.

ಕೊಡಲಿ ಯಾಕೆ ಸೋಲುತ್ತದೆ ಎಂಬುದಕ್ಕೆ ಉತ್ತರ ನೆಲದಿಂದ ಒಂದು ಗೇಣು ಕೆಳಗಿದೆ. ಕಡಿದ ಬುಡದ ಸುತ್ತ ಮಣ್ಣು ಬಿಡಿಸಿ ನೋಡಿದರೆ, ಕಾಂಡ ಬೇರಿಗೆ ಸೇರುವಲ್ಲಿ ಒರಟಾದ, ಗಡ್ಡೆಗಟ್ಟಿದ ಕೊರಳೊಂದು ಕಾಣುತ್ತದೆ. ಅದರ ತೊಗಟೆಯಡಿ ಎಷ್ಟೋ ಮೊಗ್ಗುಗಳು ನಿದ್ರಿಸುತ್ತಿರುತ್ತವೆ. ಮೇಲಿನ ಕಾಂಡ ಇರುವವರೆಗೆ ಅದರ ತುದಿಯಿಂದ ಇಳಿಯುವ ಹಾರ್ಮೋನು ಅವುಗಳನ್ನು ಅದುಮಿಟ್ಟಿರುತ್ತದೆ; ಕಾಂಡ ಹೋದ ಕೂಡಲೇ ಅಷ್ಟೂ ಎಚ್ಚೆತ್ತು, ಆಳದ ಬೇರು ಕೂಡಿಟ್ಟ ಹಿಟ್ಟಿನ ಬಲದಿಂದ ಒಂದು ಕಾಂಡವಿದ್ದಲ್ಲಿ ಹತ್ತು ಕಾಂಡ ಏಳುತ್ತವೆ. ನೆಲಮಟ್ಟಕ್ಕೆ ಕಡಿಯುವುದೆಂದರೆ ಮರವಾಗುವುದನ್ನು ಪೊದೆ ಮಾಡುವುದು. ಬೆಂಕಿಯ ಕತೆಯೂ ಇಷ್ಟೇ: ಸಸಿ ಸಾಯುತ್ತದೆ, ಬೆಳೆದ ಗಿಡ ಸಾಯುವುದಿಲ್ಲ, ಜೊತೆಗೆ ಅಳಿದುಳಿದ ಹುಲ್ಲು ಸುಡುತ್ತದೆ. ಆದ್ದರಿಂದ ಕೊರಳಿನ ಕೆಳಗೆ, ನೆಲದೊಳಗೆ ಸುಮಾರು ಒಂದಡಿ ಆಳದಲ್ಲಿ ಬೇರನ್ನು ಕತ್ತರಿಸಿ ಗಡ್ಡೆಸಮೇತ ಕಿತ್ತು ಹಾಕಬೇಕು. ಅದು ಆಗದಲ್ಲಿ ಕಡಿದ ಬುಡಕ್ಕೆ ಕೆಲವೇ ನಿಮಿಷಗಳೊಳಗೆ ಕಳೆನಾಶಕ ಬಳಿಯಬೇಕು. ಕೆರೆಯಂಗಳದಲ್ಲಿ ಅದನ್ನು ನಾನಂತೂ ಒಪ್ಪುವುದಿಲ್ಲ. ಜೆಸಿಬಿ ಗಡ್ಡೆಯನ್ನು ಕೀಳುತ್ತದೆ ನಿಜ, ಆದರೆ ಸಡಿಲವಾದ ಬೋಳು ಮಣ್ಣನ್ನೂ ಅದರೊಳಗಿನ ಬೀಜದ ಗಂಟನ್ನೂ ಮಳೆಗೆ ತೆರೆದಿಟ್ಟು ಹೋಗುತ್ತದೆ. ಟೆಂಡರು ಅಲ್ಲಿಗೆ ಮುಗಿಯುತ್ತದೆ, ಗಿಡದ ಕೆಲಸ ಅಲ್ಲಿಂದ ಶುರುವಾಗುತ್ತದೆ.

ಹುಳುಗಳಿಂದ ಹತೋಟಿ ಮಾಡಬಾರದೇ ಎಂದು ಕೇಳುವವರಿದ್ದಾರೆ. ದಕ್ಷಿಣ ಆಫ್ರಿಕ 1987ರಲ್ಲಿ ಬೀಜ ಕೊರೆಯುವ ದುಂಬಿಯೊಂದನ್ನು ತಂದು ಬಿಟ್ಟಿತು. ಗಿಡ ಉಳಿಯಲಿ, ಹರಡುವುದು ಮಾತ್ರ ನಿಲ್ಲಲಿ ಎಂಬುದು ಲೆಕ್ಕಾಚಾರ. ಆದರೆ ದುಂಬಿ ತಲುಪುವುದಕ್ಕೆ ಮೊದಲೇ ದನಕರು ಕಾಯಿ ತಿಂದು ಮುಗಿಸುತ್ತಿದ್ದರಿಂದ ನಿರೀಕ್ಷಿಸಿದ ಫಲ ಸಿಗಲಿಲ್ಲ. ಆಸ್ಟ್ರೇಲಿಯದ ಪಿಲ್ಬರಾ ಪ್ರದೇಶದಲ್ಲಿ ಎಲೆ ಸುತ್ತಿ ತಿನ್ನುವ ಸಣ್ಣ ಪತಂಗವೊಂದು ಗಿಡಗಳ ಬೆಳವಣಿಗೆಯನ್ನು ಸಾಕಷ್ಟು ತಗ್ಗಿಸಿದೆ. ನಮ್ಮಲ್ಲಿ ಇಂಥದ್ದನ್ನು ಬಿಡುವ ಮೊದಲು ಎರಡು ಸಲ ಯೋಚಿಸಬೇಕು, ಏಕೆಂದರೆ ದಸರೆಯಲ್ಲಿ ನಾವು ಪೂಜಿಸುವ ಬನ್ನಿ ಬಳ್ಳಾರಿ ಜಾಲಿಯ ನೆಂಟ. 2022ರಲ್ಲಿ ಸಸ್ಯಶಾಸ್ತ್ರಜ್ಞರು ಜಾಲಿಯನ್ನು ನೆಲ್ಟುಮಾ ಎಂಬ ಕುಲಕ್ಕೆ ಸರಿಸಿ, ಬನ್ನಿಯನ್ನು ಪ್ರೊಸೊಪಿಸ್‌ನಲ್ಲೇ ಉಳಿಸಿಕೊಂಡರು. ಹುಳುವಿಗೆ ಈ ವ್ಯತ್ಯಾಸ ತಿಳಿಯುತ್ತದೆಯೇ ಎಂಬುದನ್ನು ಪರೀಕ್ಷೆಯಿಂದಲೇ ಕಂಡುಕೊಳ್ಳಬೇಕು.

ಕಂಟಿಯೆಲ್ಲ ಶತ್ರು ಎಂಬ ಭಾವನೆಯೂ ತಪ್ಪು. ಬೀದರಿನ ಕೆಂಪು ಮುರ್ರಂ ನೆಲದ ಮೇಲೆ, ಸುರಪುರದ ಗುಡ್ಡಗಳಲ್ಲಿ ತಂಗಡಿ, ಮುಳ್ಳುಬಾರಿ, ಬಂದರಿಕೆ, ಬಿಳಿಜಾಲಿ ಮೊದಲಿನಿಂದಲೂ ಇವೆ. ಬಾರಿಯ ಎಲೆ ಆಡಿಗೆ ಒಳ್ಳೆಯ ಮೇವು. ಅದರ ಮುಳ್ಳಿನ ಆಸರೆಯಲ್ಲಿ ದನದ ಬಾಯಿಗೆ ಸಿಗದೆ ಉಳಿದ ಹುಲ್ಲು ಬೀಜ ಕಟ್ಟುತ್ತದೆ. ಬಳ್ಳಾರಿ ಜಾಲಿಯ ದಟ್ಟ ನೆರಳಿನಲ್ಲಿ, ಮೊಳಕೆ ತಡೆಯುವ ಅದರ ಎಲೆರಾಶಿಯ ಅಡಿಯಲ್ಲಿ ಹುಲ್ಲು ಏಳುವುದು ಅಪರೂಪ. ಬೀದರ ಜಿಲ್ಲೆಯ ಕೃಷ್ಣಮೃಗಗಳು ದೂರದೃಷ್ಟಿ ಮತ್ತು ಓಟವನ್ನು ನಂಬಿ ಬದುಕುವ ಪ್ರಾಣಿಗಳು. ಬಯಲು ಕಂಟಿಯಾಗಿ ಮುಚ್ಚಿಕೊಂಡಷ್ಟೂ ಅವು ಹೊಲದ ಕಡೆಗೆ ಸರಿಯುತ್ತವೆ, ರೈತನ ತಕರಾರು ಬೆಳೆಯುತ್ತದೆ. ಜೆಸಿಬಿ ಚಾಲಕನಿಗೆ ಬಾರಿ ಯಾವುದು, ಜಾಲಿ ಯಾವುದು ಎಂದು ಹೇಳಿಕೊಡುವವರು ಮಾತ್ರ ಸ್ಥಳದಲ್ಲಿ ಇರುವುದಿಲ್ಲ.

ಇನ್ನೊಂದು ಕಡೆ, ಊರಿನ ಎಷ್ಟೋ ಒಲೆಗಳು ಇಂದಿಗೂ ಈ ಜಾಲಿಯಿಂದಲೇ ಉರಿಯುತ್ತವೆ, ಇದ್ದಲಿ ಸುಟ್ಟು ಬದುಕುವ ಕುಟುಂಬಗಳಿವೆ. ಒಮ್ಮೆಗೇ ಎಲ್ಲವನ್ನೂ ಕಿತ್ತು ಹಾಕಿದರೆ ಆ ಹೊರೆ ಉಳಿದ ಕರಿಜಾಲಿ, ಬೇವು, ಬನ್ನಿಗಳ ಮೇಲೆ ಬೀಳುತ್ತದೆ. ಹೀಗಾಗಿ ಗಾಯರಾಣವನ್ನು ನಾಲ್ಕೈದು ಪಾಲು ಮಾಡಿ, ವರ್ಷಕ್ಕೊಂದು ಪಾಲನ್ನು ಕೈಗೆತ್ತಿಕೊಳ್ಳುವುದೇ ಸರಿಯೆಂದು ನನಗೆ ತೋರುತ್ತದೆ. ಕಾಯಿ ಮಾಗುವ ಮೊದಲೇ ಗಡ್ಡೆ ಕೀಳುವುದು, ಸೌದೆಯನ್ನು ಕಿತ್ತವರಿಗೇ ಬಿಡುವುದು, ಮುಳ್ಳಿನ ಟೊಂಗೆಗಳನ್ನೇ ಆ ಪಾಲಿಗೆ ಬೇಲಿಯಾಗಿ ಹಾಕುವುದು, ಮಳೆ ಹಿಡಿದ ಕೂಡಲೇ ಅಂಜನ್, ಮಾರ್ವೆಲ್‌ನಂಥ ಹುಲ್ಲಿನ ಬೀಜ ಚೆಲ್ಲಿ ಎರಡು ಮಳೆಗಾಲ ದನ ಬಿಡದೆ ಕಾಯುವುದು. ಮೊದಲ ವರ್ಷ ಹುಲ್ಲನ್ನು ಬೀಜ ಉದುರಿದ ಮೇಲೆ ಕೊಯ್ದು ಮನೆಗೆ ಒಯ್ಯಬಹುದು. ಇದೆಲ್ಲದರ ಜೊತೆಗೆ ಆಷಾಢ, ಶ್ರಾವಣದಲ್ಲಿ ನೆಲ ಹಸಿಯಿರುವಾಗ ಒಂದು ಗೇಣಿನ ಜಾಲಿ ಸಸಿಗಳನ್ನು ಕೈಯಿಂದಲೇ ಬೇರುಸಮೇತ ಎಳೆಯಬೇಕು, ಅದೂ ಮೂರು ನಾಲ್ಕು ವರ್ಷ ಬಿಡದೆ. ದೀಪಾವಳಿಯ ಹೊತ್ತಿಗೆ ಎರಿ ಮಣ್ಣು ಬಿಗಿದುಕೊಂಡರೆ ಅದೇ ಸಸಿಗೆ ಗುದ್ದಲಿ ಬೇಕಾಗುತ್ತದೆ. ಉದ್ಯೋಗ ಖಾತರಿಯ ಕೂಲಿಯನ್ನು ಮೊದಲ ಬೇಸಿಗೆಯ ತೆರವಿಗೇ ಖರ್ಚು ಮಾಡಿ ಮುಗಿಸದೆ, ಈ ಎರಡನೇ, ಮೂರನೇ ವರ್ಷದ ಸಸಿ ಕೀಳುವ ಕೆಲಸಕ್ಕೆ ಒಂದಷ್ಟನ್ನು ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಮೊದಲೇ ಬರೆಸಿಟ್ಟುಕೊಳ್ಳಬೇಕು.